ಮೊಮ್ಮಕ್ಕಳ ಹೆಸರಿನ ಹುಣಸೆ, ಅಜ್ಜಿಯರ ಕೈಯ ಮಡಕೆ

"ಈ ವಯಸ್ಸಲ್ಲಿ ಹುಣಸೆ ಊರಿ ಯಾವ ಕಾಲಕ್ಕೆ ಸಾರು ಮಾಡ್ತೀರ?" ಅಂದವರೇ ಈಗ ಬೀಜ ಕೇಳಿಕೊಂಡು ಬರುತ್ತಿದ್ದಾರೆ. ಪಾವಗಡ ಸೀಮೆಯ ಕೆಮ್ಮಣ್ಣಲ್ಲಿ 14 ಜನ ಅಜ್ಜ-ಅಜ್ಜಿಯರು, 70 ಗುಂಡಿ. ಮೂರನೇ ಬೇಸಿಗೆ ದಾಟಿ 50ರ ಮೇಲೆ ಗಿಡ ನಿಂತಿವೆ. ಬಾಯಿಲೆಕ್ಕ, ಒಂದೆರಡು ಆಚೀಚೆ ಇರಬಹುದು.

ಮೊದಲ ಸಲ ಎಡವಿದ್ದು ಮಾತಲ್ಲೇ. ಹವಾಮಾನ ಬದಲಾವಣೆ, ಇಂಗಾಲ ಅಂತ ನಾವು ಚಾರ್ಟ್ ಬಿಚ್ಚಿದರೆ ಅವರು ಎಲೆಅಡಿಕೆ ಚೀಲ ಬಿಚ್ಚಿದರು. ಪುಕ್ಕಟೆ ಸಿಕ್ಕ 200 ಸಸಿ ಹಂಚಿದೆವು, ಯುಗಾದಿ ಹೊತ್ತಿಗೆ 30 ಕೂಡ ಉಳಿಯಲಿಲ್ಲ. ಸತ್ತದ್ದನ್ನು ಕಿತ್ತು ನೋಡಿದರೆ ಪ್ಯಾಕೆಟ್ಟಲ್ಲೇ ಬಲಿತ ತಾಯಿಬೇರು ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಸೇರಿ ಸುಮಾರು 12 ಸಾವಿರ ಮಣ್ಣುಪಾಲು.

ಆಮೇಲೆ ಒಂದೇ ಪ್ರಶ್ನೆ: "ನಿಮ್ಮ ಕಾಲದಲ್ಲಿ ಭರಣಿ ಮಳೆ ಹೆಂಗಿತ್ತು?" 'ಭರಣಿ ಮಳೆ ಧರಣಿ ಬೆಳೆ' ಅಂತ ಶುರುಮಾಡಿದವರು ಕೆರೆ ಕೋಡಿ ಬಿದ್ದ ವರ್ಷಕ್ಕೆ ಬಂದು, ಕೊನೆಗೆ ತಾವೇ ಮೊಮ್ಮಕ್ಕಳ ಮಾತೆತ್ತುತ್ತಾರೆ. ಬೀಜ ಮುಂದಿಡುವುದು ಆಗ, ಅದಕ್ಕೆ ಮುಂಚೆ ಅಲ್ಲ. ಬೀಜವೂ ಅವರೇ ಹುಳಿ ನೋಡಿ ಹೇಳಿದ ಮರದ್ದು. ಗುಂಡಿಗೊಂದು ಮೊಮ್ಮಗುವಿನ ಹೆಸರು. ಊರಿಗೆಲ್ಲ ಸೇರಿದ್ದು ಅಂತ ತೋಡಿದ ಇನ್ನೂ 10 ಗುಂಡಿ ಇದ್ದವು, ಹತ್ತೂ ಒಣಗಿದವು.

ಕುದಿಸಿ ಇಳಿಸಿದ ನೀರಿಗೆ ಹುಣಸೆ ಬೀಜ ಹಾಕಿ ರಾತ್ರಿಯಿಡೀ ಬಿಟ್ಟು, ರೋಹಿಣಿ-ಮೃಗಶಿರಾ ಮಳೆಯ ಹದಕ್ಕೆ ಗುಂಡಿಗೆ ಮೂರರಂತೆ ಒಂದಂಗುಲ ಆಳಕ್ಕೆ ಊರಿದ್ದು. ಹಿಪ್ಪೆ, ಹಲಸಿನ ಬೀಜ ಎತ್ತಿಡುವಂಥದ್ದಲ್ಲ, ಒಣಗಿದರೆ ಮುಗಿಯಿತು.

ಬೇರಿಗೆ ನೀರು ಜಿನುಗಲು ಗಿಡದಿಂದ ಗೇಣು ದೂರಕ್ಕೆ 6 ಲೀಟರ್ ಮಣ್ಣಿನ ಮಡಕೆ, ಕಂಠದವರೆಗೆ ಹೂತು ಮುಚ್ಚಳ ಹಾಕಿ. ಇಲ್ಲದಿದ್ದರೆ ಓತಿಕ್ಯಾತ ಬಿದ್ದು ನೀರು ನಾರುತ್ತದೆ. ಕೊಳ್ಳುವಾಗ ನೀರು ತುಂಬಿಸಿಡಿ. ಗಂಟೆಯೊಳಗೆ ಹೊರಮೈ ತೇವ ಆಗದಿದ್ದರೆ ಸುಟ್ಟದ್ದು ಹೆಚ್ಚಾಗಿದೆ, ವಾಪಸ್. ನಮಗೆ ಒಂದಕ್ಕೆ 80 ರೂಪಾಯಿ ಬಿತ್ತು. ಬೋರ್‌ವೆಲ್ಲಿನ ಗಡಸು ನೀರಿಗೆ ಎರಡನೇ ವರ್ಷ ಒಳಗೆ ಬಿಳಿ ಪೊರೆ ಕಟ್ಟಿ ಜಿನುಗುವುದೇ ನಿಂತಿತು. ಹುಣಸೆ ಹುಳಿ ನೀರು ರಾತ್ರಿ ಬಿಟ್ಟು ತೆಂಗಿನ ನಾರಲ್ಲಿ ಉಜ್ಜಿದ ಮೇಲೆ ಮತ್ತೆ ಜಿನುಗಿತು.

15 ಲೀಟರ್ ಬಕೆಟ್ ಕೊಟ್ಟದ್ದು ನಮ್ಮ ದಡ್ಡತನ, ಸೊಂಟ ಹಿಡಿದು ಮೂವರು ಬಿಟ್ಟೇಬಿಟ್ಟರು. 5 ಲೀಟರ್ ಖಾಲಿ ಎಣ್ಣೆ ಕ್ಯಾನ್ ಕೊಟ್ಟ ಮೇಲೆ ವಾಪಸ್ ಬಂದರು. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಒಬ್ಬರಿಗೆ ಐದಕ್ಕಿಂತ ಹೆಚ್ಚು ಗುಂಡಿ ಕೊಡಬೇಡಿ, ಅವರು ಕೇಳಿದರೂ.

ಮಡಕೆ ಬದಲು ಬಾಟಲಿಗೆ ಹತ್ತಿ ಬತ್ತಿ ಹಾಕಿಯೂ ನೋಡಿದೆವು, ಪಾಚಿ ಕಟ್ಟಿ ಕೆಟ್ಟಿತು. ಪಡುವಣ ಬಿಸಿಲಿಗೆ ಅಡ್ಡಲಾಗಿ ಹಾಕಿದ ಹರಳು ಗಿಡ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಆಡು ಬಾಯಿ ಹಾಕದಂತೆ ಜಾಲಿಮುಳ್ಳು. ಗೆದ್ದಲಿಗೆ ಹುಯ್ಯುವ ಕಷಾಯದ ಪಾಕ ಇಲ್ಲಿ ಬರೆಯಲ್ಲ, ಬಂದು ಗಿಡ ನೋಡಿದವರಿಗೆ ಹೇಳುತ್ತೇನೆ.

ಪಿಕೆಎಂ-1 ಅನ್ನುವ ಹುಣಸೆ ತಳಿಯ ಕಸಿ ಗಿಡ ತಂದಿದ್ದರೆ ನಾಲ್ಕೈದು ವರ್ಷಕ್ಕೇ ಕಾಯಿ ಅನ್ನುವವರಿದ್ದಾರೆ. ಸರಿ, ಆದರೆ ಬೇರಿಳಿದ ಬೀಜದ ಗಿಡಕ್ಕೇ ನಿಂತಲ್ಲಿ ಕಸಿ ಕಟ್ಟಬಹುದಲ್ಲ. ಈ ಮಳೆಗಾಲ ಆರಕ್ಕೆ ಕಟ್ಟಿದೆವು, ನಾಲ್ಕು ಚಿಗುರಿವೆ.