ಮಳೆ ಲೆಕ್ಕ ಕಳಿಸಿ ಗೆಸ್ಟ್ ಕರೆದದ್ದು: ನನ್ನ ಅನುಭವ

ಜುಲೈ ತಿಂಗಳಲ್ಲಿ ಮಡಿಕೇರಿ ಪಕ್ಕದ ಹೋಂಸ್ಟೇಯ ಐದೂ ರೂಮು ತುಂಬುತ್ತದೆ ಅಂದರೆ ನಮ್ಮ ಕಡೆಯವರೇ ನಂಬುವುದಿಲ್ಲ. ನಮ್ಮಲ್ಲಿ ತುಂಬುತ್ತಿದೆ. ಎಲ್ಲಾ ವಾರವೂ ಅಲ್ಲ, ಆದರೆ ತಿಂಗಳಿಗೆ ಎರಡು ಮೂರು ವೀಕೆಂಡ್ ಗ್ಯಾರಂಟಿ, ಅದೂ ಡಿಸ್ಕೌಂಟ್ ಇಲ್ಲದೆ. ಹೇಗೆ ಅಂತ ಕೇಳುವ ಹೋಂಸ್ಟೇಯವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ. ರಿಜಿಸ್ಟ್ರೇಷನ್, ಪೊಲೀಸ್ ಎನ್‌ಒಸಿ, ವಿದೇಶಿ ಗೆಸ್ಟ್‌ಗಳ ಮಾಹಿತಿ ಕೊಡುವ ಫಾರಂ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

2018ರ ಆಗಸ್ಟ್ ಮಳೆಗೆ ಕೊಡಗಿನ ಗುಡ್ಡಗಳು ಕುಸಿದದ್ದರ ಬಗ್ಗೆಯೂ ವಿವರಿಸಬೇಕಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಅಂದರೆ ಸಾಕು. ನಮ್ಮ ಮನೆಗೆ ಏನೂ ಆಗಲಿಲ್ಲ. ತೋಟದ ಕೆಳಗಿನ ಅಂಚು ಸುಮಾರು ಅರ್ಧ ಎಕರೆ, ರೋಬಸ್ಟಾ ಗಿಡ ಸಮೇತ ಜಾರಿ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಬುಕಿಂಗ್‌ದು. ಮೊದಲು ಕೆಲವು ವಾರ ಪ್ರವಾಸಿಗರು ಬರಲೇಬಾರದು ಅಂತ ಆದೇಶ ಇತ್ತು, ಅದು ಸರಿಯಾಗಿಯೇ ಇತ್ತು ಬಿಡಿ. ಆದೇಶ ತೆಗೆದ ಮೇಲೂ ಯಾರೂ ಬರಲಿಲ್ಲ. ಸಂಪಾಜೆ ರಸ್ತೆ ಬಂದ್ ಆಗಿದ್ದಾಗ ಮಂಗಳೂರು ಕಡೆಯವರು ಕರಿಕೆ, ಭಾಗಮಂಡಲ ಸುತ್ತಿ ಬರಬೇಕಿತ್ತು. ಆ ವರ್ಷದ ಮಡಿಕೇರಿ ದಸರಾವನ್ನೂ ಸರಳವಾಗಿಯೇ ಮಾಡಿದರು. ನಮಗೆ ಬ್ಯಾಂಕ್ ಸಾಲ ಎಂಟು ಲಕ್ಷದ ಹತ್ತಿರ, ಕಂತು ತಿಂಗಳಿಗೆ ಹದಿನಾಲ್ಕು ಸಾವಿರ ಚಿಲ್ಲರೆ. ಮಾಂದಲ್‌ಪಟ್ಟಿ ಗುಡ್ಡಕ್ಕೆ ಪ್ರವಾಸಿಗರನ್ನು ಹತ್ತಿಸುವ ಜೀಪಿನ ಹುಡುಗರ ಸ್ಥಿತಿ ನಮಗಿಂತ ಕಷ್ಟ. ನಮಗೆ ಕಾಫಿ ಆದರೂ ಇತ್ತು, ಅವರಿಗೆ ಗಾಡಿಯ ಕಂತು ಬಿಟ್ಟರೆ ಬೇರೇನೂ ಇರಲಿಲ್ಲ.

ಎಲ್ಲರ ಹಾಗೆ ನಾವೂ ಮೊದಲು ರೇಟ್ ಇಳಿಸಿದೆವು. ಎರಡೂವರೆ ಸಾವಿರದ ರೂಮು ಸಾವಿರದ ಇನ್ನೂರಕ್ಕೆ. ಅದರಲ್ಲಿ ಬುಕಿಂಗ್ ಸೈಟಿನವರ ಕಮಿಷನ್ ಹದಿನೆಂಟು ಪರ್ಸೆಂಟ್, ಊಟ ಕಾಫಿ ಖರ್ಚು ಬೇರೆ. ಒಂದು ರೂಮು ಕೊಟ್ಟರೆ ಕೈಗೆ ಉಳಿಯುತ್ತಿದ್ದದ್ದು ಮುನ್ನೂರು ನಾನೂರು. ಬಂದವರು ಯಾರು? "ಎಲ್ಲಿ ಗುಡ್ಡ ಜಾರಿದ್ದು, ಸ್ವಲ್ಪ ತೋರಿಸಿ" ಅನ್ನುವವರು. ಒಬ್ಬ ಜೀಪಿನ ಹುಡುಗ ಹಾಗೇ ಒಂದು ಪಾರ್ಟಿಯನ್ನು ಕರೆದುಕೊಂಡು ಹೋದ. ಅಲ್ಲಿ ಮನೆ ಕಳೆದುಕೊಂಡವರೇ ಮಣ್ಣು ಕೆದಕಿ ಪಾತ್ರೆ, ಪತ್ರ ಹುಡುಕುತ್ತಿದ್ದರು. ಇವರು ಗಾಡಿಯಿಂದ ಇಳಿದು ಫೋಟೋ ತೆಗೆದರು. ಅವತ್ತೇ ಹೇಳಿಬಿಟ್ಟೆ, ಜಾರಿದ ಜಾಗ ನೋಡಲು ಬರುವವರಿಗೆ ನಮ್ಮಲ್ಲಿ ರೂಮಿಲ್ಲ. ಡಿಸ್ಕೌಂಟ್ ತೆಗೆದೆವು, ಅವರೂ ಹೋದರು.

ಆಮೇಲೆ ಒಂದಿಷ್ಟು ಹೋಂಸ್ಟೇಯವರು ಸೇರಿ "ಕೊಡಗು ಸೇಫ್, ಬನ್ನಿ" ಅಂತ ವಿಡಿಯೋ ಮಾಡಿಸಿದೆವು. ನಮ್ಮ ಪಾಲಿಗೆ ಬಂದದ್ದು ಐದೋ ಆರೋ ಸಾವಿರ. ಚೆನ್ನಾಗಿಯೇ ಬಂದಿತ್ತು. ಆದರೆ 2019ರ ಆಗಸ್ಟ್‌ನಲ್ಲಿ ತೋರದಲ್ಲಿ, ಕೋರಂಗಾಲದಲ್ಲಿ ಮತ್ತೆ ಗುಡ್ಡ ಕುಸಿಯಿತು. ಆ ವಿಡಿಯೋವನ್ನು ಇನ್ನು ಯಾರಿಗೆ ತೋರಿಸುವುದು?

ನನ್ನ ತಲೆಗೆ ಹೊಳೆದದ್ದು ಆಗಲೇ. ಸೇಫ್ ಅಂತ ನಾವು ಹೇಳಿದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ಅದರ ಬದಲು ದಿನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ?

ನಮ್ಮ ಮಾವ ಮಳೆ ಪುಸ್ತಕ ಇಟ್ಟಿದ್ದರು. ತೋಟ ಇರುವ ಎಷ್ಟೋ ಮನೆಯಲ್ಲಿ ಇರುವಂಥದ್ದೇ, ಇಂಚು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ. ನಾನು ಬೆಳಿಗ್ಗೆ ಅದೇ ಅಳತೆ ತೆಗೆದು ಹಳೇ ಗೆಸ್ಟ್‌ಗಳಿಗೆ ವಾಟ್ಸಾಪ್‌ನಲ್ಲಿ ಹಾಕಲು ಶುರು ಮಾಡಿದೆ. ನಿನ್ನೆ ಎಷ್ಟು ಮಳೆ, ರಸ್ತೆ ಹೇಗಿದೆ, ಕರೆಂಟು ಇದೆಯಾ, ನೆಟ್‌ವರ್ಕ್ ಇದೆಯಾ, ಜಿಗಣೆ ಎಷ್ಟು. ಬೆಂಗಳೂರಿನವರಿಗೆ ಇಂಚು ತಲೆಗೆ ಹೋಗುವುದಿಲ್ಲ, ಅದಕ್ಕೆ ಮನೆ ಕೆಳಗಿನ ತೋಡಿನ (ಸಣ್ಣ ಹಳ್ಳದ) ವಿಡಿಯೋ, ದಿನಾ ಒಂದೇ ಕಲ್ಲಿನ ಪಕ್ಕದಿಂದ. ಕಲ್ಲು ಕಾಣುತ್ತಿದೆಯಾ ಮುಳುಗಿದೆಯಾ ನೋಡಿದರೆ ಯಾರಿಗಾದರೂ ಅರ್ಥ ಆಗುತ್ತದೆ, ಅಲ್ವಾ?

ಎರಡನೆಯದು, ಮಳೆ ಇಷ್ಟು ಇಂಚು ದಾಟಿದರೆ ನಾನೇ ಫೋನ್ ಮಾಡಿ ಬರಬೇಡಿ ಅನ್ನುತ್ತೇನೆ. ದುಡ್ಡು ಪೂರ್ತಿ ವಾಪಸ್, ಅವತ್ತೇ. ಗೆಸ್ಟ್ ಹಟ ಮಾಡಿದರೂ ಇಲ್ಲ. ಎಷ್ಟು ಇಂಚು ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ. ನಿಮ್ಮ ಗುಡ್ಡ ಬೇರೆ, ನಿಮ್ಮ ಮಣ್ಣು ಬೇರೆ, ಒಂದೆರಡು ಮಳೆಗಾಲ ನೀವೇ ಅಳೆದು ನೋಡಿ. ರೆಡ್ ಅಲರ್ಟ್ ಬಂದರೆ ಅಳತೆಯ ಮಾತೇ ಇಲ್ಲ, ಬಂದ್. ರಾಜ್ಯ ಸರ್ಕಾರದ ಹವಾಮಾನ ಸಹಾಯವಾಣಿ ವರುಣಮಿತ್ರಕ್ಕೂ ಒಂದು ಫೋನ್ ಹಾಕುತ್ತೇನೆ, ಅಲ್ಲಿಂದ ನಮ್ಮ ಸುತ್ತಿನ ಅಂದಾಜು ಸಿಗುತ್ತದೆ.

ನಕ್ಕವರು ಎಷ್ಟೋ ಜನ. ಅಂಗಡಿಯವನೇ ಬಾಗಿಲಲ್ಲಿ ನಿಂತು ಇವತ್ತು ಬೇಡ, ನಾಳೆ ಬನ್ನಿ ಅಂದ ಹಾಗಾಯಿತು ಅಂತ ನಮ್ಮ ಯಜಮಾನರೇ ಅಂದರು. "ಅಕ್ಕಾ, ಬರುವ ಒಬ್ಬಿಬ್ಬರನ್ನೂ ನೀವೇ ಓಡಿಸ್ತೀರಲ್ಲ" ಅಂತ ಜೀಪಿನ ಹುಡುಗರು. 2020 ಕೊರೊನಾದಲ್ಲೇ ಹೋಯಿತು, ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಬೇರೆ ಕುಸಿಯಿತು. ರೂಮು ಖಾಲಿ ಇದ್ದರೂ ನಾನು ಮೆಸೇಜ್ ನಿಲ್ಲಿಸಲಿಲ್ಲ. ಲಾಕ್‌ಡೌನ್‌ನಲ್ಲಿ ಕೂತ ಜನ ತೋಡಿನ ವಿಡಿಯೋಗೆ ಕಾಯಲು ಶುರು ಮಾಡಿದರು.

2021ರ ಮಳೆಗಾಲದಲ್ಲಿ ವಾಪಸ್ ಕೊಟ್ಟ ದುಡ್ಡು ಅರವತ್ತೈದು ಎಪ್ಪತ್ತು ಸಾವಿರ ಇರಬಹುದು. ಮನೆಯಲ್ಲಿ ಆ ತಿಂಗಳು ಮಾತುಕತೆಯೇ ಕಮ್ಮಿ. ಆದರೆ ಹಾಗೆ ವಾಪಸ್ ಪಡೆದವರಲ್ಲಿ ಹತ್ತಕ್ಕೆ ಆರೇಳು ಜನ ಡಿಸೆಂಬರ್ ಜನವರಿಗೆ ತಾವೇ ಬುಕ್ ಮಾಡಿದರು, ನೇರ ನಮಗೆ, ಸೈಟ್ ಮೂಲಕ ಅಲ್ಲ. ಆ ವರ್ಷ ನೇರ ಬಂದ ಎಲ್ಲ ಬುಕಿಂಗ್‌ನಲ್ಲಿ ಉಳಿದ ಕಮಿಷನ್ ಕೂಡಿಸಿದರೆ ವಾಪಸ್ ಕೊಟ್ಟದ್ದಕ್ಕಿಂತ ಜಾಸ್ತಿಯೇ ಇತ್ತು. ಲೆಕ್ಕ ತೋರಿಸಿದ ಮೇಲೆ ಯಜಮಾನರು ಸುಮ್ಮನಾದರು. 2024ರ ಜುಲೈ ಕೊನೆಗೆ ವಯನಾಡಿನ ಭೂಕುಸಿತ ಆದಾಗ ಎಲ್ಲ ಕಡೆ ಕ್ಯಾನ್ಸಲ್. ನಮ್ಮ ವಾಟ್ಸಾಪ್ ಪಟ್ಟಿಯವರು ಕ್ಯಾನ್ಸಲ್ ಮಾಡಲಿಲ್ಲ, ನೀವು ಹೇಳಿದಾಗ ಬರುತ್ತೇವೆ ಅಂದರು. ಅವರಲ್ಲಿ ಜಾಸ್ತಿ ಜನ ಸೆಪ್ಟೆಂಬರ್‌ಗೆ ಬಂದರು.

ರೇಟ್ ಈಗ ಮೂರು ಸಾವಿರದ ಇನ್ನೂರು. ಅದರಲ್ಲಿ ತಲೆಗೆ ಇನ್ನೂರು ತೆಗೆದಿಟ್ಟು ಮಳೆಗಾಲದಲ್ಲಿ ಬಾಡಿಗೆ ಇಲ್ಲದ ಜೀಪಿನವರಿಗೆ ಕೊಡುತ್ತೇವೆ. ಸುಮ್ನೆ ಅಲ್ಲ, ರಸ್ತೆಯ ಸುದ್ದಿ ಕೊಡುವವರೇ ಅವರು. ಒಂದು ಹೊತ್ತಿನ ಊಟ ನಮ್ಮಲ್ಲಿ ಇಲ್ಲ, ಪಕ್ಕದ ಎರಡು ಮನೆಯಲ್ಲಿ. ತಲೆಗೆ ಮುನ್ನೂರೈವತ್ತು ಅವರಿಗೆ ನೇರ. ಮಳೆ ಹೊಡೆಯುವಾಗ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಕಣಿಲೆ (ಎಳೆ ಬಿದಿರು) ಕರಿ ಬಿಸಿಬಿಸಿ ಬಡಿಸಿದರೆ ಯಾರೂ ಹೊರಗೆ ಸುತ್ತಾಟ ಕೇಳುವುದಿಲ್ಲ. ನಮ್ಮಲ್ಲಿ ಅಡುಗೆಗೆ ಇದ್ದವರೊಬ್ಬರು ಕುಸಿತದಲ್ಲಿ ಮನೆ ಕಳೆದುಕೊಂಡು, ಸಂತ್ರಸ್ತರಿಗೆ ಅಂತ ಕಟ್ಟಿದ ಜಂಬೂರಿನ ಹೊಸ ಮನೆಗೆ ಹೋದರು. ದಿನಾ ಬರುವುದು ಆಗದ ಮಾತು. ಅವರು ವಾರಕ್ಕೊಮ್ಮೆ ಉಪ್ಪಿನಕಾಯಿ ಕಳಿಸುತ್ತಾರೆ, ಗೆಸ್ಟ್ ಹೊರಡುವಾಗ ಬಾಟಲಿ ಕೇಳಿ ತೆಗೆದುಕೊಳ್ಳುತ್ತಾರೆ.

ಮಧ್ಯೆ ಏನೇನೋ ಮಾಡಿ ನೋಡಿದೆ. ಜಾರಿದ ಅಂಚಿಗೆ ಗೆಸ್ಟ್ ಕೈಯಲ್ಲಿ ಗಿಡ ನೆಡಿಸಿದೆವು, ಅರ್ಧ ದನ ತಿಂದವು. ಲಾವಂಚ ಹಾಕಿದ್ದು ಮಾತ್ರ ಹಿಡಿಯಿತು. ಮೇ ಕೊನೆಗೆ ಮೊದಲ ಮಳೆ ಬಿದ್ದ ಮೇಲೆ ಮಿಂಚುಹುಳು ನೋಡುವ ರಾತ್ರಿ ಅಂತ ಮಾಡಿದೆ, ಲೈಟೆಲ್ಲಾ ಆರಿಸಿ ವರಾಂಡದಲ್ಲಿ ಕೂರುವುದು ಅಷ್ಟೇ. ಖರ್ಚು ಸೊನ್ನೆ, ಈಗ ಅದಕ್ಕೇ ಅಂತ ಬರುವವರಿದ್ದಾರೆ. ಯಾವ ದಿನ ಅಂತ ಹೇಗೆ ಹಿಡಿಯುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಈಜುಕೊಳ ಮಾಡಿಸಿ, ಗುಡ್ಡ ಕಡಿದು ಇನ್ನೊಂದು ಬ್ಲಾಕ್ ಕಟ್ಟಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದದ್ದೂ 2018ರ ಕುಸಿತಕ್ಕೆ ಕಾರಣ ಅಂತ ಭೂವಿಜ್ಞಾನದವರು ಬಂದು ನೋಡಿ ಹೇಳಿದ ಮೇಲೂ ಇಂಥ ಸಲಹೆ!

ಬಗೆಹರಿಯದೆ ಉಳಿದದ್ದು ಬಟ್ಟೆ ಒಣಗಿಸುವುದು. ಐದು ರೂಮಿನ ಬೆಡ್‌ಶೀಟು, ಟವೆಲು, ಹದಿನೈದು ದಿನ ಬಿಸಿಲಿಲ್ಲ. ಒಲೆ ಮೇಲೆ ಅಟ್ಟ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಮೆಷಿನ್ ತಂದರೆ ಕರೆಂಟಿಲ್ಲ, ಜನರೇಟರ್‌ನಲ್ಲಿ ಓಡಿಸಿದರೆ ಒಂದು ಲೋಡಿಗೆ ಡೀಸೆಲ್ಲೇ ಇನ್ನೂರು ರೂಪಾಯಿ. ಯಾರಾದರೂ ದಾರಿ ಕಂಡುಕೊಂಡಿದ್ದರೆ ಹೇಳಿ, ಬೇಕಾದರೆ ಆ ಮಳೆ ಇಂಚಿನ ಲೆಕ್ಕ ಬದಲಿಗೆ ಕೊಡುತ್ತೇನೆ.