29 ಸಾವಿರದ ಆಫೀಸ್ ಕಂಪ್ಯೂಟರಿನಲ್ಲಿ ಹಿಮ್ಮೇಳದ ರೆಕಾರ್ಡಿಂಗ್: ನನ್ನ ಅನುಭವ

ಹಳೇ ಆಫೀಸ್ ಕಂಪ್ಯೂಟರ್ ತಂದು ಅದರಲ್ಲಿ ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡುತ್ತೇನೆ ಎಂದಾಗ ಯಾರೂ ನಂಬಲಿಲ್ಲ. ಬೆಂಗಳೂರಿನ ಸ್ಟುಡಿಯೋ ಗೆಳೆಯರು ಮ್ಯಾಕ್ ಮಿನಿ ತಗೋ ಎಂದರು. ಶಿರಸಿಯ ಒಂದು ಅಂಗಡಿಯವರು ಹೊಸದಾಗಿ ಅಸೆಂಬಲ್ ಮಾಡಿಕೊಡಲು 85 ಸಾವಿರದ ಕೊಟೇಶನ್ ಬರೆದುಕೊಟ್ಟರು. ನಾನು ಖರ್ಚು ಮಾಡಿದ್ದು ಎಲ್ಲಾ ಸೇರಿ 29 ಸಾವಿರದ ಆಸುಪಾಸು. ಒಂದು ಮಳೆಗಾಲದ ತಾಳಮದ್ದಳೆಗಳೆಲ್ಲ ಇದರಲ್ಲೇ ಮುಗಿದವು. 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು; ಸಣ್ಣದಾದಷ್ಟು ತಡ ಕಡಿಮೆ, ಯಂತ್ರಕ್ಕೆ ಕೆಲಸ ಜಾಸ್ತಿ), ಎಂಟು ಮೈಕ್, ಭಾಗವತರ ಕಿವಿಗೆ ರಿವರ್ಬ್ (ದನಿಯ ಹಿಂದಿನ ಪ್ರತಿಧ್ವನಿ) ಸಮೇತ. ಆ ರೆಕಾರ್ಡಿಂಗುಗಳಲ್ಲಿ ಒಂದು ಚಟಪಟ ಸದ್ದೂ ಬಂದಿಲ್ಲ. ಮನೆ ಸ್ಟುಡಿಯೋ ಇಟ್ಟುಕೊಂಡು ದುಡ್ಡು ಹೊಂದಿಸಲು ಒದ್ದಾಡುವವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಮೊದಲಿನ ಕಂಪ್ಯೂಟರ್ ಐ5-3470. 2012ರ ಚಿಪ್, 8 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಬರೀ ರೆಕಾರ್ಡ್ ಮಾಡುವುದಾದರೆ ಅದೂ ಸಾಕಿತ್ತು. ತೊಂದರೆ ಶುರುವಾದದ್ದು ಹೆಡ್‌ಫೋನಿನಿಂದ. ಇಂಟರ್ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) ಡೈರೆಕ್ಟ್ ಮಾನಿಟರಿಂಗ್, ಅಂದರೆ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುವ ದನಿ, ಹಾಕಿದರೆ ತಡ ಇಲ್ಲ ನಿಜ, ಆದರೆ ದನಿ ಒಣಗಿದ ಹಾಗೆ ಕೇಳುತ್ತದೆ. ರಂಗದ ಮೇಲೆ ಮೈಕ್ ಸೆಟ್ಟಿನ ಗುಂಯ್‌ಗುಡುವಿಕೆಗೆ ಒಗ್ಗಿದ ಭಾಗವತರು ಒಣ ದನಿಯಲ್ಲಿ ಏರುಪದ (ಬಿರುಸಿನ ಹಾಡು) ಹಾಡಲು ಒಪ್ಪುವುದಿಲ್ಲ. ಸ್ವಲ್ಪ ರಿವರ್ಬ್ ಬೇಕೇ ಬೇಕು. ಅದನ್ನು ಕಂಪ್ಯೂಟರಿನ ಮೂಲಕ ಕೊಟ್ಟರೆ ಹಳೇ ಯಂತ್ರ 1024 ಬಫರಿಗಿಂತ ಕೆಳಗೆ ಇಳಿಯುತ್ತಿರಲಿಲ್ಲ. 48 ಕಿಲೋಹರ್ಟ್ಸಿನಲ್ಲಿ 1024 ಎಂದರೆ ಒಂದು ಕಡೆಗೇ 21 ಮಿಲಿಸೆಕೆಂಡ್. ಹೋಗಿ ಬರುವಾಗ 40ರ ಮೇಲೆ. ವೇಗದ ಬಿಡ್ತಿಗೆಯಲ್ಲಿ (ಚಂಡೆ-ಮದ್ದಳೆಯ ನುಡಿತದಲ್ಲಿ) ಎರಡು ಪೆಟ್ಟಿನ ನಡುವೆ ಇರುವುದೇ ಸುಮಾರು 100 ಮಿಲಿಸೆಕೆಂಡ್. ಚಂಡೆಯವರು ಹೆಡ್‌ಫೋನ್ ತೆಗೆದಿಟ್ಟು, 'ತಮ್ಮಾ, ನನ್ನ ಪೆಟ್ಟು ನನಗೇ ತಡವಾಗಿ ಕೇಳ್ತದೆ, ಹೀಗಾದ್ರೆ ನುಡಿಸೋದು ಹೇಗೆ?' ಎಂದರು. ಅವರು ಹೇಳಿದ್ದು ಸರಿಯಾಗೇ ಇತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 1 ಟಿಬಿ ಎಸ್‌ಎಸ್‌ಡಿ ಹಾಕಿಸಿದೆ, ಐದು ಸಾವಿರದ ಚಿಲ್ಲರೆ. ರ‍್ಯಾಮ್ 16ಕ್ಕೆ ಏರಿಸಿದೆ, ಸೆಕೆಂಡ್ ಹ್ಯಾಂಡ್ ಡಿಡಿಆರ್3, ಒಂದೂವರೆ ಸಾವಿರ. ವಿಂಡೋಸ್ ಬೇಗ ಏಳತೊಡಗಿತು, ಪ್ರಾಜೆಕ್ಟ್ ಕಣ್ಣು ಮುಚ್ಚಿ ಬಿಡುವುದರೊಳಗೆ ತೆರೆಯಿತು. ಬಫರ್ ಮಾತ್ರ ಇದ್ದಲ್ಲೇ ಇತ್ತು. ಡಿಸ್ಕ್ ನಿಧಾನ ಇದ್ದರೆ ಸ್ಯಾಂಪಲ್ ಲೈಬ್ರರಿ (ಮೊದಲೇ ರೆಕಾರ್ಡ್ ಆದ ವಾದ್ಯದ ದನಿಗಳ ಸಂಗ್ರಹ) ತೆರೆಯುವುದು ತಡ, ರ‍್ಯಾಮ್ ಕಡಿಮೆ ಇದ್ದರೆ ದೊಡ್ಡ ಲೈಬ್ರರಿ ಹಿಡಿಸುವುದಿಲ್ಲ. ಆದರೆ ಲೈವ್ ಆಗಿ ರಿವರ್ಬ್ ಲೆಕ್ಕ ಹಾಕುವುದು ಪ್ರೊಸೆಸರ್. ಅಲ್ಲಿ ಶಕ್ತಿ ಇಲ್ಲದಿದ್ದರೆ ಉಳಿದದ್ದಕ್ಕೆ ಎಷ್ಟು ಸುರಿದರೂ ಅಷ್ಟೇ.

ಆಮೇಲೆ ಗೆಳೆಯನೊಬ್ಬನ ಹಳೇ ಗ್ರಾಫಿಕ್ಸ್ ಕಾರ್ಡ್ ಹಾಕಿ ನೋಡಿದೆ. ಪರದೆಯ ಭಾರ ಪ್ರೊಸೆಸರ್ ಮೇಲಿಂದ ಇಳಿದರೆ ಅನುಕೂಲ ಆಗಬಹುದು ಎಂಬ ಲೆಕ್ಕ. ಚಟಪಟ ಇನ್ನೂ ಜಾಸ್ತಿಯಾಯಿತು. ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಓಡಿಸಿದರೆ ಆ ಕಾರ್ಡಿನ ಡ್ರೈವರೇ ಕೆಂಪು ಅಕ್ಷರದಲ್ಲಿ ಮೇಲೆ ಕೂತಿತ್ತು. ಅಲ್ಲಿಂದ ಈಚೆ ನನ್ನ ನಿಯಮ ಒಂದೇ. ಆಡಿಯೋ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಚಿಪ್ಪಿನ ಒಳಗೆ ಇರುವುದೇ ಎರಡು ಮಾನಿಟರಿಗೆ ಧಾರಾಳ ಸಾಕು.

ನಡುವೆ ಆನ್‌ಲೈನಿನಲ್ಲಿ ಒಂದು ರಿಫರ್ಬಿಶ್ಡ್ ಮಿನಿ ಪಿಸಿ ತರಿಸಿದ್ದೆ. ಊಟದ ಡಬ್ಬಿಯಷ್ಟೇ ಗಾತ್ರ, ನೋಡಲು ಚೆಂದ. ಜಾಹೀರಾತಿನಲ್ಲಿ ಐ5-8500 ಎಂದಿತ್ತು, ಬಂದದ್ದು ಐ5-8500ಟಿ. ಒಂದು ಅಕ್ಷರದ ವ್ಯತ್ಯಾಸ, ಕೆಲಸದಲ್ಲಿ ಬಹಳ ದೊಡ್ಡದು. ಟಿ ಎಂದರೆ 35 ವ್ಯಾಟಿನ ಚಿಪ್, ಮೂಲ ವೇಗ 2.1 ಗಿಗಾಹರ್ಟ್ಸ್. ಟಿ ಇಲ್ಲದ್ದು 65 ವ್ಯಾಟ್, 3.0ರಿಂದ 4.1ರ ತನಕ ಏರುತ್ತದೆ. ಮಿನಿ ಪಿಸಿ ಹತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಬಿಸಿಯಾಗಿ ವೇಗ ಇಳಿಸಿಕೊಂಡಿತು, ಫ್ಯಾನ್ ಸೊಳ್ಳೆಯ ಹಾಗೆ ಗುಂಯ್ ಎನ್ನತೊಡಗಿತು. ಮೇಲಾಗಿ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದರೆ ಅದರ ಎಸ್‌ಎಸ್‌ಡಿಯ ಆಯಸ್ಸು ಶೇಕಡಾ 60ರ ಹತ್ತಿರ ಮಾತ್ರ ಉಳಿದಿದೆ ಎಂದು ತೋರಿಸಿತು. ವಾಪಸ್ ಕಳಿಸಿದೆ. ಕೊರಿಯರ್ ದುಡ್ಡು ಏಳುನೂರೋ ಎಂಟುನೂರೋ ಹೋಯಿತು.

ಒಂದು ವಾರ ವಿಂಡೋಸ್ ಬದಲು ಲಿನಕ್ಸ್ ಕೂಡ ನೋಡಿದೆ. ಅದೇ ಹಳೇ 3470, ಉಬುಂಟು ಸ್ಟುಡಿಯೋ. ಒಪ್ಪಿಕೊಳ್ಳಬೇಕು, 256 ಬಫರಿನಲ್ಲಿ ಅದು ವಿಂಡೋಸಿಗಿಂತ ಗಟ್ಟಿಯಾಗಿ ನಿಂತಿತು. ನಾನು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್ ಅಲ್ಲಿಯೂ ಓಡುತ್ತದೆ. ಆದರೆ ನಾನು ದುಡ್ಡು ಕೊಟ್ಟು ತಗೊಂಡ ಎರಡು ಪ್ಲಗಿನ್ (ದನಿ ತಿದ್ದಲು ರೀಪರಿಗೆ ಸೇರಿಸುವ ಸಾಫ್ಟ್‌ವೇರ್) ಅಲ್ಲಿ ಏಳಲೇ ಇಲ್ಲ. ಅವೆರಡು ಇಲ್ಲದೆ ಮದ್ದಳೆಯ ಎಡದ ನಾದವನ್ನು ನನಗೆ ಬೇಕಾದ ಹಾಗೆ ತರಲು ಆಗುವುದಿಲ್ಲ. ಹೊಸದಾಗಿ ಶುರು ಮಾಡುವವರು, ಇನ್ನೂ ಪ್ಲಗಿನ್ ಖರೀದಿಸದವರು, ಒಮ್ಮೆ ಆ ದಾರಿ ಖಂಡಿತ ನೋಡಿ.

ಇಷ್ಟೆಲ್ಲ ಆದ ಮೇಲೆ ಆಯ್ಕೆ ಸುಲಭವಾಯಿತು. ಮಾತೆತ್ತಿದರೆ ಎಲ್ಲರೂ ಎಂಟು ಕೋರ್, ಹನ್ನೆರಡು ಕೋರ್ ಎನ್ನುತ್ತಾರೆ (ಕೋರ್ ಎಂದರೆ ಪ್ರೊಸೆಸರಿನೊಳಗೆ ಬಿಡಿಯಾಗಿ ಲೆಕ್ಕ ಹಾಕುವ ಘಟಕ). ಭಾಗವತರ ಟ್ರ್ಯಾಕ್ ನೋಡಿ. ಈಕ್ಯೂ, ಕಂಪ್ರೆಸರ್, ಡಿಎಸ್ಸರ್, ರಿವರ್ಬ್, ದನಿ ತಿದ್ದುವ ಪ್ಲಗಿನ್ ಎಲ್ಲ ಸಾಲಾಗಿ ಒಂದರ ಹಿಂದೆ ಒಂದು. ಹಿಂದಿನದು ಮುಗಿಯದೆ ಮುಂದಿನದು ಶುರುವಾಗುವ ಹಾಗಿಲ್ಲ. ಹಾಗಾಗಿ ಲೈವ್ ಆಗಿ ಕೇಳುವಾಗ ಇಡೀ ಸಾಲು ಒಂದೇ ಕೋರಿನ ಮೇಲೆ ಕೂರುತ್ತದೆ. ಎಲ್ಲ ದನಿ ಕೂಡುವ ಮಾಸ್ಟರ್ ಟ್ರ್ಯಾಕಿನದೂ ಅದೇ ಕಥೆ. ಉಳಿದ ಕೋರುಗಳು ಸುಮ್ನೆ ಕೂತಿದ್ದರೂ ಈ ಒಂದು ಸೋತರೆ ಚಟಪಟ ಶುರು. ಆದ್ದರಿಂದ ನಾನು ನೋಡಿದ್ದು ಒಂದು ಕೋರಿನ ವೇಗವನ್ನು. ಐ5-8500 ಆರು ಕೋರ್, 4.1 ಗಿಗಾಹರ್ಟ್ಸ್. ಐ7-8700 ಆದರೆ 4.6, ಹನ್ನೆರಡು ಥ್ರೆಡ್ (ಒಟ್ಟಿಗೆ ಹನ್ನೆರಡು ಕೆಲಸ ಹಿಡಿಯುತ್ತದೆ). ಆದರೆ ಅದಕ್ಕೆ ಆರೇಳು ಸಾವಿರ ಜಾಸ್ತಿ ಕೇಳಿದರು, ಎಂಟು ಮೈಕಿಗೆ ಅದು ಬೇಕಿಲ್ಲ. ಸಿನಿಮಾಕ್ಕೆ ದೊಡ್ಡ ಆರ್ಕೆಸ್ಟ್ರಾ ಲೈಬ್ರರಿ ಹಾಕಿ ಕೆಲಸ ಮಾಡುವವರಾದರೆ ಆ ದುಡ್ಡು ಕೊಡಿ.

ಎಂಟನೇ ಜನರೇಷನ್ನೇ (8500ರ ಮೊದಲ ಅಂಕಿ ಅದೇ) ಯಾಕೆ ಎಂದರೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲಿನಲ್ಲಿ ಹೆಚ್ಚುಕಡಿಮೆ ಅಲ್ಲಿಂದ ಮೇಲಿನದನ್ನು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದಕ್ಕೇ ಆರು, ಏಳನೇ ಜನರೇಷನ್ ಯಂತ್ರಗಳನ್ನು ನಾನು ಹೋದಾಗ ಏಳೆಂಟು ಸಾವಿರಕ್ಕೆ ಕೈಗೆ ತುರುಕುತ್ತಿದ್ದರು. ಇಂಟರ್ನೆಟ್ಟಿಗೆ ಹಾಕದೆ ಬರೀ ರೆಕಾರ್ಡಿಂಗಿಗೆ ಇಡುವುದಾದರೆ ಅದೂ ತಪ್ಪಲ್ಲ. ನಾನು ಐದು ವರ್ಷದ ಲೆಕ್ಕ ಹಾಕಿದೆ.

ಬೇಸಿಗೆಯ ಕೊನೆಗೆ ರಾತ್ರಿ ಬಸ್ಸು ಹಿಡಿದು ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಜೇಬಿನಲ್ಲಿ ಒಂದು ಪೆನ್‌ಡ್ರೈವ್, ಅದರಲ್ಲಿ ರೀಪರಿನ ಪೋರ್ಟಬಲ್ ಇನ್‌ಸ್ಟಾಲ್ ಮತ್ತು ನನ್ನದೇ ಒಂದು ಪರೀಕ್ಷೆಯ ಪ್ರಾಜೆಕ್ಟ್. ಚೀಲದಲ್ಲಿ ಸಣ್ಣ ಇಂಟರ್ಫೇಸ್, ಹೆಡ್‌ಫೋನ್. ಅಂಗಡಿಯಲ್ಲಿ ಡ್ರೈವರ್ ಹಾಕಿ, ಬಫರ್ 128ಕ್ಕೆ ಇಳಿಸಿ, ಭಾರದ ರಿವರ್ಬ್ ಇರುವ ಒಂದು ಟ್ರ್ಯಾಕನ್ನು ನಕಲು ಮಾಡುತ್ತಾ ಹೋಗುವುದು. ಎಷ್ಟನೆಯದಕ್ಕೆ ಸದ್ದು ಒಡೆಯುತ್ತದೆ ನೋಡುವುದು. ನನ್ನ ಹಳೆಯದು 1024ರಲ್ಲೇ ಒಂಬತ್ತು ಹತ್ತಕ್ಕೆ ಕೈ ಚೆಲ್ಲುತ್ತಿತ್ತು. ಈ 8500 ಇಪ್ಪತ್ತೈದು ದಾಟಿತು, ಅದೂ 128ರಲ್ಲಿ. ಕೆಲವು ಅಂಗಡಿಯವರು ಇದಕ್ಕೆಲ್ಲ ಒಪ್ಪಲಿಲ್ಲ, ಅಲ್ಲಿ ನಿಲ್ಲಲೇ ಇಲ್ಲ. ಒಪ್ಪಿದ ಅಂಗಡಿಯಲ್ಲಿ ಅರ್ಧ ಗಂಟೆ ಕೂತೆ. ಕೊನೆಗೆ ಅಲ್ಲಿನ ಹುಡುಗರೇ ಹೆಡ್‌ಫೋನ್ ಇಸಕೊಂಡು ಚಂಡೆ ಕೇಳಿದರು. ಆ ಅಂಗಡಿಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಪರೀಕ್ಷೆಯ ಪ್ರಾಜೆಕ್ಟಿನಲ್ಲಿ ಯಾವ ರಿವರ್ಬ್, ಯಾವ ಸೆಟ್ಟಿಂಗ್ ಎನ್ನುವುದೂ ನನ್ನ ಹತ್ತಿರವೇ ಇರಲಿ.

ತಂದದ್ದು ಡೆಲ್ ಆಪ್ಟಿಪ್ಲೆಕ್ಸ್ 7060, ಸಣ್ಣ ಕ್ಯಾಬಿನೆಟ್ಟಿನದು. ಚೌಕಾಸಿ ಆಗಿ 14,500, ಒಂದು ತಿಂಗಳು ಟೆಸ್ಟಿಂಗ್ ವಾರಂಟಿ. ಇದನ್ನೇ ಆರಿಸಲು ಕಾರಣ ರ‍್ಯಾಮಿಗೆ ನಾಲ್ಕು ಸ್ಲಾಟ್, ಜೊತೆಗೆ ಎಂ.2 ಜಾಗ (ಚಪ್ಪಟೆ ಎಸ್‌ಎಸ್‌ಡಿ ಕೂರುವ ಸ್ಲಾಟ್). ಇಂಥ ಯಂತ್ರಗಳ ಪವರ್ ಸಪ್ಲೈ ಮಾಮೂಲಿ 24 ಪಿನ್ನಿನದಲ್ಲ, ಕೆಟ್ಟರೆ ಅದೇ ಮಾಡೆಲಿನದು ಹುಡುಕಬೇಕು. ಹಾಗಾಗಿ ಅದೇ ಅಂಗಡಿಯಲ್ಲಿ ಒಂದು ಬಿಡಿ ಸಪ್ಲೈ ಕೂಡ ತಂದಿಟ್ಟುಕೊಂಡೆ, ಎಂಟುನೂರು. ರ‍್ಯಾಮ್ 16 ಜಿಬಿಯ ಎರಡು ಕಡ್ಡಿ, ಸೆಕೆಂಡ್ ಹ್ಯಾಂಡ್, ನಾಲ್ಕೂವರೆ ಸಾವಿರ. ಎರಡನ್ನೂ ಜೋಡಿಯಾಗೇ ಹಾಕಿ, ಡ್ಯುಯಲ್ ಚಾನೆಲ್ (ರ‍್ಯಾಮಿಗೆ ಜೋಡಿ ದಾರಿ) ಸಿಗುತ್ತದೆ. ವೇಗದ ಎಸ್‌ಎಸ್‌ಡಿಯಾದ 500 ಜಿಬಿಯ ಎನ್‌ವಿಎಂಇ ಮೂರು ಸಾವಿರದ ಚಿಲ್ಲರೆ, ಅದರಲ್ಲಿ ವಿಂಡೋಸ್. ಹಳೇ ಯಂತ್ರಕ್ಕೆ ಹಾಕಿದ್ದ 1 ಟಿಬಿ ಎಸ್‌ಎಸ್‌ಡಿ ಇಲ್ಲಿ ರೆಕಾರ್ಡಿಂಗಿಗೆ ಬಂತು, ಅದರ ದುಡ್ಡೂ ಈ 29 ಸಾವಿರದಲ್ಲೇ ಇದೆ. ಎಂಟು ಟ್ರ್ಯಾಕ್, 24 ಬಿಟ್, 48 ಕಿಲೋಹರ್ಟ್ಸ್ ಎಂದರೆ ಗಂಟೆಗೆ ನಾಲ್ಕು ಜಿಬಿಯ ಮೇಲೆ ಸ್ವಲ್ಪ. ನಾಲ್ಕು ಗಂಟೆಯ ತಾಳಮದ್ದಳೆಗೆ 16-17 ಜಿಬಿ. ಒಂದು ಮಾತು ಮಾತ್ರ ಗಮನದಲ್ಲಿರಲಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಈಗ ಹೋಗುವವರು ರ‍್ಯಾಮ್ ತುಂಬಿದ ಯಂತ್ರವನ್ನೇ ಕೇಳಿ, ಬಿಡಿಯಾಗಿ ಕೊಳ್ಳುವುದು ಕೈ ಸುಡುತ್ತದೆ.

ಮನೆಗೆ ತಂದು ಹಾಕಿದ ದಿನವೇ ಚಟಪಟ ಮತ್ತೆ ಬಂತು! ಪ್ರೊಸೆಸರ್ ಮೀಟರ್ ಶೇಕಡಾ 20 ಕೂಡ ದಾಟಿಲ್ಲ, ಆದರೂ ನಿಮಿಷಕ್ಕೊಮ್ಮೆ ಟಪ್. ಲೇಟೆನ್ಸಿಮಾನ್ 1,500 ಮೈಕ್ರೋಸೆಕೆಂಡಿನ ಮೇಲೆ ತಡ ತೋರಿಸಿತು. ಕಾರಣ ವೈಫೈ ಕಾರ್ಡಿನ ಡ್ರೈವರ್. ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಆಫ್ ಮಾಡಿದೆ, 400ಕ್ಕೆ ಇಳಿಯಿತು. ಬಯಾಸಿನಲ್ಲಿ (ಯಂತ್ರದ ಮೂಲ ಸೆಟ್ಟಿಂಗಿನಲ್ಲಿ) ಪ್ರೊಸೆಸರ್ ನಿದ್ದೆ ಹೋಗುವ ಸಿ-ಸ್ಟೇಟ್ ಆಫ್ ಮಾಡಿ, ವಿಂಡೋಸಿನ ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸಿಗೆ ಹಾಕಿ, ಯುಎಸ್‌ಬಿ ನಿದ್ದೆ ಹೋಗುವುದನ್ನು ತಪ್ಪಿಸಿದೆ. 150ರ ಕೆಳಗೆ ಬಂದು ನಿಂತಿತು. ಇನ್ನೂ ಒಂದು ಬದಲಾವಣೆ ಇದೆ, ಅದನ್ನು ಮನೆಗೆ ಬಂದು ಚಹಾ ಕುಡಿದವರಿಗೆ ತೋರಿಸುತ್ತೇನೆ. ಈಗ ಹೋಗಿ ಬರುವ ಲೇಟೆನ್ಸಿ (ತಡ) 9 ಮಿಲಿಸೆಕೆಂಡಿನ ಹತ್ತಿರ. ಅದೇ ಚಂಡೆಯವರು ಬಂದು ನುಡಿಸಿದರು. ಹೆಡ್‌ಫೋನ್ ತೆಗೆಯಲೇ ಇಲ್ಲ.

ಫ್ಯಾನಿನ ಸದ್ದಿನದು ಬೇರೆಯೇ ತಲೆನೋವು. ನಮ್ಮ ಮನೆಯಲ್ಲಿ ಸ್ಟುಡಿಯೋ ಕೋಣೆಯ ಪಕ್ಕ ಉಗ್ರಾಣ. ನಡುವೆ ಮಣ್ಣಿನ ಗೋಡೆ. ಅದಕ್ಕೆ ಪೈಪು ತೂರುವಷ್ಟು ತೂತು ಕೊರೆದು ಸಿಪಿಯುವನ್ನು ಉಗ್ರಾಣಕ್ಕೆ ಸಾಗಿಸಿದೆ. ಎಚ್‌ಡಿಎಂಐ ಐದು ಮೀಟರ್, ಇಂಟರ್ಫೇಸಿನ ಯುಎಸ್‌ಬಿ ನಾಲ್ಕೂವರೆ ಮೀಟರ್. ಯುಎಸ್‌ಬಿ 2ಕ್ಕೆ ಐದು ಮೀಟರೇ ಮಿತಿ, ಅದಕ್ಕಿಂತ ಉದ್ದ ಎಳೆಯಬೇಡಿ. ಕೇಬಲ್ ಅಗ್ಗದ್ದು ತಂದರೆ ಇಂಟರ್ಫೇಸ್ ಮಧ್ಯದಲ್ಲೇ ಕಳಚಿಕೊಳ್ಳುತ್ತದೆ, ನಾನು ಆರುನೂರು ರೂಪಾಯಿಯದು ಹಾಕಿದ್ದೇನೆ. ವೈರ್‌ಲೆಸ್ ಮೌಸಿನ ರಿಸೀವರನ್ನು ನೀಲಿ ಯುಎಸ್‌ಬಿ 3 ಪೋರ್ಟಿನ ಪಕ್ಕ ಚುಚ್ಚಿದರೆ ಮೌಸ್ ತಡವರಿಸುತ್ತದೆ, ಬೇರೆ ವೈರಿನಲ್ಲಿ ದೂರ ತನ್ನಿ. ಉಗ್ರಾಣದಲ್ಲಿ ಅಡಿಕೆ ಚೀಲಗಳಿವೆ, ಧೂಳು ಬಹಳ. ಗಾಳಿ ಹೋಗುವ ಬಾಯಿಗೆ ತೆಳು ಬಟ್ಟೆಯ ಚೌಕಟ್ಟು ಮಾಡಿ ತಿಂಗಳಿಗೊಮ್ಮೆ ತೊಳೆಯುತ್ತೇನೆ. ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದ್ದಕ್ಕೆ ಬಿಸಿ ಹತ್ತು ಡಿಗ್ರಿ ಕಡಿಮೆಯಾಗಿದೆ.

ಕೊನೆಯದಾಗಿ ಕರೆಂಟಿನ ವಿಷಯ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಮನೆಯಲ್ಲಿದ್ದದ್ದು ಸ್ಕ್ವೇರ್ ವೇವ್ ಇನ್ವರ್ಟರ್, ಅದು ಶುರುವಾದ ಕೂಡಲೇ ಮೈಕಿನಲ್ಲಿ ಝಂಯ್ ಎಂದು ಸದ್ದು. ಸೈನ್ ವೇವ್ ಇನ್ವರ್ಟರಿಗೆ ಬದಲಾಯಿಸಿದ ಮೇಲೆ ನಿಂತಿತು. ಇದರ ಖರ್ಚನ್ನು ಲೆಕ್ಕಕ್ಕೆ ಸೇರಿಸಿಲ್ಲ, ಮನೆಗೆ ಹೇಗೂ ಬೇಕಿತ್ತು. ಅರ್ತಿಂಗ್ ಕೂಡ ಹೊಸದಾಗಿ ಮಾಡಿಸಿದೆ. ಗುಂಡಿ ತೋಡಿ, ಪೈಪ್ ಹುಗಿದು, ಇದ್ದಿಲು ಉಪ್ಪು ತುಂಬಿಸಿದ್ದು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಅದಕ್ಕೆ ನೀರು ಹಾಕದಿದ್ದರೆ ಹಾರ್ಮೋನಿಯಂ ಮೈಕಿನಲ್ಲಿ ಹಮ್ ಮತ್ತೆ ಮೆಲ್ಲಗೆ ಏಳುತ್ತದೆ.

ಹಳೇ 3470 ಮಾರಿದರೆ ಮೂರು ಸಾವಿರ ಸಿಗುತ್ತಿತ್ತು, ಮಾರಲಿಲ್ಲ. ಅದರ ಹಾರ್ಡ್ ಡಿಸ್ಕನ್ನು ವಾಪಸ್ ಹಾಕಿ ಅದೇ ಉಗ್ರಾಣದಲ್ಲಿ ಇಟ್ಟಿದ್ದೇನೆ. ರೆಕಾರ್ಡಿಂಗ್ ಮುಗಿದ ಮೇಲೆ ಲ್ಯಾನ್ ವೈರ್ ಚುಚ್ಚಿ ಅವತ್ತಿನ ಟ್ರ್ಯಾಕುಗಳ ಇನ್ನೊಂದು ಪ್ರತಿಯನ್ನು ಅದಕ್ಕೆ ಹಾಕುತ್ತೇನೆ. ಮುಂದಿನ ಪ್ರಯೋಗ 64 ಬಫರಿನದು. ಎರಡು ಮೈಕಿಗೆ ಈಗಾಗಲೇ ನಿಂತಿದೆ, ಎಂಟಕ್ಕೆ ಇನ್ನೂ ನಿಂತಿಲ್ಲ.