ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕೂಸಿಗೆ ಫಂಗಸ್ ಸೋಂಕು: ಅಪ್ಪ ಅಮ್ಮ ಏನು ಮಾಡಬೇಕು?

ಕೂಸಿನ ನಾಲಿಗೆ ಮೇಲೆ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ಗಾಬರಿ ಬೇಡ. ಅದು ಕ್ಯಾಂಡಿಡಾ ಎಂಬ ಫಂಗಸ್. ದಿನ ತುಂಬಿ ಹುಟ್ಟಿದ ಮಗುವಿಗೆ ಡಾಕ್ಟರು ಕೊಡುವ ಬಾಯಿ ಔಷಧಿಯಿಂದಲೇ ಸಾಮಾನ್ಯವಾಗಿ ವಾಸಿಯಾಗುತ್ತದೆ. ಅದೇ ಫಂಗಸ್ ರಕ್ತಕ್ಕೆ ಸೇರಿದರೆ ಮಾತ್ರ ಜೀವಕ್ಕೇ ಅಪಾಯ. ದಿನ ತುಂಬದೆ ಹುಟ್ಟಿದ, ಒಂದು ಕೆಜಿಗಿಂತ ಕಡಿಮೆ ತೂಕದ ಕೂಸುಗಳಿಗೆ ಈ ಭಯ ಜಾಸ್ತಿ. ಅವುಗಳ ಚರ್ಮ ತೀರಾ ತೆಳು. ಜತೆಗೆ ಔಷಧಿ, ಪೋಷಣೆ ಕೊಡಲು ರಕ್ತನಾಳಕ್ಕೆ ಹಾಕಿದ ಲೈನ್ (ಸಣ್ಣ ನಳಿಕೆ), ಹಲವು ದಿನದ ಆ್ಯಂಟಿಬಯೋಟಿಕ್. ಆ್ಯಂಟಿಬಯೋಟಿಕ್‌ಗೆ ಫಂಗಸ್ ಸಾಯುವುದಿಲ್ಲ. ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ.

ಮೊದಲು ಕೈ. ಬಳೆ, ಉಂಗುರ, ವಾಚ್ ತೆಗೆದಿಟ್ಟು ಮೊಣಕೈವರೆಗೆ ಸೋಪು ಹಾಕಿ ತೊಳೆದೇ ಮಗುವನ್ನು ಮುಟ್ಟಿ. ಕಾಡಿಗೆ, ದೃಷ್ಟಿದಾರ, ಜೇನುತುಪ್ಪ ಯಾವುದೂ ಬೇಡ. ಅಜ್ಜಿ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಆಮೇಲೆ ಎದೆಹಾಲು. ಮಗು ಚೀಪಲಾರದಿದ್ದರೆ ಹಿಂಡಿ ಕೊಡಿ. ಹಾಲು ಬೇಗ ಒಗ್ಗಿದಷ್ಟೂ ಲೈನ್ ಬೇಗ ತೆಗೆಯಬಹುದು. ಡಾಕ್ಟರು ರೌಂಡ್ಸ್‌ಗೆ ಬಂದಾಗ ಕೇಳಿ: "ಸರ್, ಈ ಲೈನ್ ಇನ್ನೂ ಬೇಕಾ? ಆ್ಯಂಟಿಬಯೋಟಿಕ್ ಇನ್ನೆಷ್ಟು ದಿನ?" ಇದು ಅಧಿಕಪ್ರಸಂಗವಲ್ಲ, ನಿಮ್ಮ ಹಕ್ಕು. ಈ ಸೋಂಕು ಹೆಚ್ಚಿರುವ ಕಡೆ ತೀರಾ ಸಣ್ಣ ಕೂಸುಗಳಿಗೆ ಮುಂಚೆಯೇ ವಾರಕ್ಕೆ ಎರಡು ಸಲ ಫ್ಲುಕೊನಜೋಲ್ ಎಂಬ ಫಂಗಸ್ ಔಷಧಿ ಕೊಡುವುದುಂಟು. ಅದನ್ನೂ ವಿಚಾರಿಸಿ.

ಲಕ್ಷಣ ಹಿಡಿಯುವುದೇ ಕಷ್ಟದ ಕೆಲಸ. ಜ್ವರ ಬರಲೇಬೇಕೆಂದಿಲ್ಲ, ಮೈ ತಣ್ಣಗಾಗಲೂಬಹುದು. ಮಗು ಸಪ್ಪಗಾಗುತ್ತದೆ, ಹಾಲು ದಕ್ಕುವುದಿಲ್ಲ, ಹೊಟ್ಟೆ ಉಬ್ಬುತ್ತದೆ, ಉಸಿರು ನಡುನಡುವೆ ನಿಲ್ಲುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯಬಹುದು, ಸಕ್ಕರೆ ಏರಬಹುದು. ದಿನವೂ ನೋಡುವ ನಿಮಗೆ "ಇವತ್ತು ಯಾಕೋ ಎಂದಿನಂತಿಲ್ಲ" ಅನ್ನಿಸಿದರೆ ಸುಮ್ನೆ ಇರಬೇಡಿ, ಆಗಲೇ ಸಿಸ್ಟರ್‌ಗೆ ಹೇಳಿ.

ಬ್ಲಡ್ ಕಲ್ಚರ್ ಮಾಡುತ್ತಾರೆ, ಅಂದರೆ ರಕ್ತದಲ್ಲಿ ಫಂಗಸ್ ಬೆಳೆಯುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. ಸೋಂಕಿದ್ದರೂ ಅದರಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಹಾಗಾಗಿ ವರದಿಗೆ ಕಾಯದೆ ಔಷಧಿ ಶುರು ಮಾಡಿದರೆ ಒಪ್ಪಿಕೊಳ್ಳಿ. ಬೆನ್ನಿನ ನೀರು ತೆಗೆಯುತ್ತೇವೆ ಎಂದರೆ ಹೆದರಿ ಬೇಡ ಎನ್ನಬೇಡಿ. ಮಿದುಳಿಗೆ ಹಬ್ಬಿದೆಯೇ ಎಂದು ನೋಡಲು ಅದು ಬೇಕು. ಕಣ್ಣು, ಹೃದಯ, ಕಿಡ್ನಿಯನ್ನೂ ಪರೀಕ್ಷಿಸುತ್ತಾರೆ.

ಸಾಮಾನ್ಯವಾಗಿ ಕೊಡುವುದು ಆಂಫೊಟೆರಿಸಿನ್-ಬಿ ಅಥವಾ ಫ್ಲುಕೊನಜೋಲ್. ಯಾವ ಜಾತಿಯ ಫಂಗಸ್ ಎಂಬುದರ ಮೇಲೆ ಔಷಧಿ ಬದಲಾಗುತ್ತದೆ. ಕ್ಯಾಂಡಿಡಾ ಆರಿಸ್ ಆದರೆ ಫ್ಲುಕೊನಜೋಲ್‌ಗೆ ಹೆಚ್ಚಾಗಿ ಬಗ್ಗುವುದಿಲ್ಲ. ಸೋಂಕು ತಗಲಿದ ಲೈನ್ ತೆಗೆಯಬೇಕಾಗುತ್ತದೆ. ರಕ್ತದಲ್ಲಿ ಫಂಗಸ್ ಇಲ್ಲವೆಂದು ಖಚಿತವಾದ ದಿನದಿಂದ ಕಡಿಮೆಯೆಂದರೂ ಎರಡು ವಾರ ಔಷಧಿ ನಡೆಯುತ್ತದೆ, ಮಿದುಳಿಗೆ ಹೋಗಿದ್ದರೆ ಇನ್ನೂ ಜಾಸ್ತಿ. ಮಗು ಚುರುಕಾಯಿತು ಅಂತ ನಡುವೆಯೇ ಡಿಸ್ಚಾರ್ಜ್ ಕೇಳಬೇಡಿ. ಹೊರಡುವ ದಿನ ಕಣ್ಣಿನ ತಪಾಸಣೆ, ಬೆಳವಣಿಗೆಯ ತಪಾಸಣೆ ಎರಡರ ತಾರೀಕನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.